ಪಠ್ಯಪುಸ್ತಕದ ಕಂಪನಿಗೆ ಮೂಲನಿವಾಸಿ ಸಲಹೆಗಾರರು ಯಾಕೆ?

ಪ್ರಶ್ನೆ: ಟೊರೊಂಟೊದಲ್ಲಿ ಶಾಲಾ ಪುಸ್ತಕ ಮಾಡುವ ಕಂಪನಿ ಸೇರಿದ್ದೇನೆ. ಇಲ್ಲಿ ಮೂಲನಿವಾಸಿ ಸಲಹೆಗಾರರಿದ್ದಾರೆ. ರಿಕನ್ಸಿಲಿಯೇಶನ್ ಕೆಲಸವಂತೆ. ಹಳೇ ಜಗಳದ ರಾಜಿಗೆ ಪುಸ್ತಕದ ಕಂಪನಿ ಯಾಕೆ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ದಯವಿಟ್ಟು ಮೊದಲು ಆ 'ರಾಜಿ' ಅನ್ನೋ ಪದ ಬಿಡಿ. ಬದುವಿನ ಜಗಳದಲ್ಲಿ ನೀನೆರಡು ಅಡಿ ಬಿಡು, ನಾನೆರಡು ಅಡಿ ಬಿಡ್ತೀನಿ ಅಂತಾರಲ್ಲ, ಅದು ರಾಜಿ. ಕೆನಡಾದಲ್ಲಿ ಆಗಿದ್ದು ಅದಲ್ಲ. 1,50,000ಕ್ಕೂ ಹೆಚ್ಚು ಮೂಲನಿವಾಸಿ ಮಕ್ಕಳನ್ನು ಮನೆಯಿಂದ ದೂರ ಮಾಡಿ ವಸತಿ ಶಾಲೆಗಳಿಗೆ ಹಾಕಿದರು. ಕೂದಲು ಕತ್ತರಿಸಿದರು. ತಾಯಿನುಡಿ ಆಡಿದರೆ ಶಿಕ್ಷಿಸಿದರು. ಸಾವಿರಾರು ಮಕ್ಕಳು ಮನೆಗೆ ಮರಳಲೇ ಇಲ್ಲ. ಕೊನೆಯ ಶಾಲೆ ಮುಚ್ಚಿದ್ದು 1990ರ ದಶಕದಲ್ಲಿ. ಆ ಮಗು ಯಾವ ಎರಡು ಅಡಿ ಬಿಡಬೇಕು, ಹೇಳಿ?

ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡುವ ಮಾತೇ ಇಲ್ಲಿಲ್ಲ. ರಿಕನ್ಸಿಲಿಯೇಶನ್ ಅಂದರೆ ಮೊದಲು ನಿಜ ಒಪ್ಪಿಕೊಳ್ಳಬೇಕು, ಆಮೇಲೆ ಕೆಡಿಸಿದ್ದನ್ನು ಸರಿಪಡಿಸಬೇಕು. ಈ ಶಾಲೆಗಳ ತನಿಖೆಗೆ ನೇಮಿಸಿದ 'ಸತ್ಯ ಮತ್ತು ರಿಕನ್ಸಿಲಿಯೇಶನ್ ಆಯೋಗ'ದ ಹೆಸರಲ್ಲೂ 'ಸತ್ಯ' ಮೊದಲು ಬರುತ್ತದೆ. ಏನೇನು ಮಾಡಬೇಕು ಅಂತ ಅದು 2015ರಲ್ಲಿ 94 ಕರೆಗಳನ್ನು ಕೊಟ್ಟಿತು. 92ನೆಯದು ಕಂಪನಿಗಳಿಗೇ.

ಇನ್ನು ಪುಸ್ತಕದ ಮಾತು. 2017ರಲ್ಲಿ ಮೂರನೇ ತರಗತಿಯ ಒಂದು ಅಭ್ಯಾಸ ಪುಸ್ತಕ ದೊಡ್ಡ ಸುದ್ದಿಯಾಯಿತು. ಯುರೋಪಿನಿಂದ ಬಂದ ವಲಸಿಗರಿಗೆ ಜಾಗ ಬೇಕಾಯಿತು, ಮೂಲನಿವಾಸಿಗಳು ಬೇರೆ ಕಡೆ ಹೋಗಲು ಒಪ್ಪಿಕೊಂಡರು ಅಂತ ಅದರಲ್ಲಿತ್ತು. ಟೀಕೆ ಬಂದ ಮೇಲೆ ಪ್ರಕಾಶಕರು ಪುಸ್ತಕ ವಾಪಸ್ ತೆಗೆದುಕೊಂಡರು. ಆ ಸಾಲಿನಲ್ಲಿ ಕಾಗುಣಿತ ತಪ್ಪಿರಲಿಲ್ಲ, ಕರಡು ತಿದ್ದುವವರ ಕಣ್ಣಿಗೆ ಏನೂ ಬೀಳುತ್ತಿರಲಿಲ್ಲ. 'ಒಪ್ಪಿಕೊಂಡರು' ಅನ್ನೋ ಒಂದೇ ಪದ ಚುಚ್ಚುವುದು, ಅಜ್ಜಿಯನ್ನು ಅವಳ ನೆಲದಿಂದ ಎಬ್ಬಿಸಿದ್ದು ಗೊತ್ತಿರುವ ಮೊಮ್ಮಗಳಿಗೆ. ಅಂಥವರು ಅಚ್ಚಿಗೆ ಮುಂಚೆ ಓದಬೇಕು, ಅವರು ಬೇಡ ಅಂದರೆ ಅಚ್ಚು ನಿಲ್ಲಬೇಕು, ಸಂಬಳವನ್ನೂ ಕೊಡಬೇಕು. ಒಬ್ಬರೇ ಸಾಲುವುದೂ ಇಲ್ಲ. ಕೆನಡಾದಲ್ಲಿ ಫಸ್ಟ್ ನೇಷನ್ಸ್ ಅನ್ನೋ ಮೂಲನಿವಾಸಿಗಳದ್ದೇ 600ಕ್ಕೂ ಹೆಚ್ಚು ಸಮುದಾಯಗಳಿವೆ, ಅವರಲ್ಲದೆ ಇನ್ಯೂಟ್ ಮತ್ತು ಮೆಟಿ ಅನ್ನೋ ಮೂಲನಿವಾಸಿಗಳೂ ಇದ್ದಾರೆ. ಫಸ್ಟ್ ನೇಷನ್ಸ್‌ನ ಕ್ರೀ ಜನರ ಹಿರಿಯರೊಬ್ಬರು ಇನ್ಯೂಟರ ಪರವಾಗಿ ಹೇಗೆ ಮಾತಾಡುತ್ತಾರೆ?

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. 'ನಾವು ನಿನ್ನೆ ಮೊನ್ನೆ ಬಂದವರು, ನಮಗೇನು ಸಂಬಂಧ?' ಅಂತ ನಮ್ಮವರು ಜಾಸ್ತಿ ಜನ ಅಂದುಕೊಳ್ಳುತ್ತಾರೆ. 94ನೇ ಕರೆ ನಮ್ಮಂಥವರ ಬಗ್ಗೆಯೇ, ಹೊಸ ಪ್ರಜೆಗಳ ಪ್ರಮಾಣವಚನ ಬದಲಿಸಿ ಅಂತ. 2021ರ ಜೂನ್‌ನಿಂದ ಪೌರತ್ವದ ಪ್ರಮಾಣವಚನದಲ್ಲಿ ಮೂಲನಿವಾಸಿಗಳ ಹಕ್ಕು ಮತ್ತು ಅವರ ಜೊತೆಗಿನ ಒಪ್ಪಂದಗಳಿಂದ ಬಂದ ಹಕ್ಕುಗಳ ಮಾತು ಸೇರಿದೆ. ಮುಂದೊಂದು ದಿನ ಕೈ ಎತ್ತಿ ಆ ಸಾಲು ಹೇಳುವಾಗ ಸುಮ್ನೆ ಬಾಯಿಪಾಠ ಒಪ್ಪಿಸಬೇಡಿ. ಹಿಂದಿನ ರಾತ್ರಿ ಮನೆಯಲ್ಲಿ ಮಕ್ಕಳ ಜೊತೆ ಕೂತು ಒಮ್ಮೆ ಕನ್ನಡದಲ್ಲಿ ಬಿಡಿಸಿ ಓದಿ.