45, 62, 43, 64: ಮನೆಗಳ ಶಬ್ದ ನಿರೋಧ ಪರೀಕ್ಷೆ ಅರ್ಥ ಮಾಡಿಕೊಳ್ಳೋಣ

ಇಂಗ್ಲೆಂಡ್‌ನ ಕಟ್ಟಡ ನಿಯಮಗಳಲ್ಲಿ ಶಬ್ದಕ್ಕೆ ಅಂತಲೇ ‘ಭಾಗ ಇ’ ಇದೆ. ಅದನ್ನು ಪಾಲಿಸುವುದು ಹೇಗೆ ಎಂದು ವಿವರಿಸುವ ಕೈಪಿಡಿಯೇ ಅಪ್ರೂವ್ಡ್ ಡಾಕ್ಯುಮೆಂಟ್ ಇ. ಈಗಲೂ ಬಳಕೆಯಲ್ಲಿರುವುದು ಅದರ 2003ರ ಆವೃತ್ತಿ, ಆಮೇಲಿನ ತಿದ್ದುಪಡಿಗಳ ಜೊತೆ. ಇದನ್ನು ಓದುವಾಗ ನಾಲ್ಕು ಅಂಕಿಗಳು ಬಾಯಿಗೆ ಬರಬೇಕು.

ಹೊಸದಾಗಿ ಕಟ್ಟಿದ ಮನೆ ಅಥವಾ ಫ್ಲ್ಯಾಟ್ ಆದರೆ, ಎರಡು ಮನೆಗಳ ನಡುವಿನ ಗೋಡೆ ಮತ್ತು ನೆಲ ಗಾಳಿಯಲ್ಲಿ ಬರುವ ಶಬ್ದವನ್ನು ಕನಿಷ್ಠ 45 ಡೆಸಿಬಲ್ ತಡೆಯಬೇಕು. ನೆಲದ ಮೇಲಿನ ಬಡಿತದ ಶಬ್ದ 62 ಡೆಸಿಬಲ್ ಮೀರಬಾರದು. ಹಳೆಯ ಗೋದಾಮನ್ನೋ ಕಚೇರಿಯನ್ನೋ ಮನೆಗಳಾಗಿ ಮಾರ್ಪಡಿಸಿದ್ದರೆ ಸ್ವಲ್ಪ ಸಡಿಲ: 43 ಮತ್ತು 64.

ಇಲ್ಲಿ ತುಂಬಾ ಜನ ಎಡವುತ್ತಾರೆ. ಒಂದು ಅಂಕಿ ಜಾಸ್ತಿ ಇದ್ದರೆ ಒಳ್ಳೆಯದು, ಇನ್ನೊಂದು ಕಮ್ಮಿ ಇದ್ದರೆ ಒಳ್ಳೆಯದು. ಯಾಕೆ ಅಂದರೆ ಮೊದಲನೆಯದು ಎಷ್ಟು ಶಬ್ದ ತಡೆಯಿತು ಎಂಬ ಲೆಕ್ಕ. ಎರಡನೆಯದು ಕೆಳಗಿನ ಮನೆಗೆ ಎಷ್ಟು ಶಬ್ದ ಬಂದು ಮುಟ್ಟಿತು ಎಂಬ ಲೆಕ್ಕ. ಮಾತು, ಟಿವಿ, ಸಂಗೀತ ಇವೆಲ್ಲ ಗಾಳಿಯ ಶಬ್ದ. ಹೆಜ್ಜೆ ಸಪ್ಪಳ, ಕುರ್ಚಿ ಎಳೆಯುವ ಸದ್ದು ಬಡಿತದ ಶಬ್ದ. ಗೋಡೆಗೆ ಬಡಿತದ ಪರೀಕ್ಷೆ ಇಲ್ಲ. ನೆಲಕ್ಕೆ ಮತ್ತು ಮನೆಗಳನ್ನು ಬೇರ್ಪಡಿಸುವ ಮೆಟ್ಟಿಲಿಗೆ ಮಾತ್ರ ಇದೆ.

ಅಳೆಯುವುದು ಹೇಗೆ

ಒಂದು ಕೋಣೆಯಲ್ಲಿ ಲೌಡ್‌ಸ್ಪೀಕರ್ ಇಟ್ಟು ಜೋರಾಗಿ, ಒಂದೇ ಸಮನೆ ಶಬ್ದ ಬಿಡುತ್ತಾರೆ. ಆ ಕೋಣೆಯಲ್ಲೂ ಪಕ್ಕದ ಮನೆಯ ಕೋಣೆಯಲ್ಲೂ ಮಟ್ಟ ಅಳೆಯುತ್ತಾರೆ. ಒಂದೇ ಅಳತೆ ಅಲ್ಲ, 100 ಹರ್ಟ್ಜ್‌ನಿಂದ 3150 ಹರ್ಟ್ಜ್‌ವರೆಗೆ, ತಗ್ಗು ಸ್ವರದಿಂದ ಏರು ಸ್ವರದವರೆಗೆ, 16 ಆವರ್ತನ ಪಟ್ಟಿಗಳಲ್ಲಿ (ಬ್ಯಾಂಡ್) ಬೇರೆ ಬೇರೆಯಾಗಿ. ಬಡಿತಕ್ಕೆ ಟ್ಯಾಪಿಂಗ್ ಮೆಷಿನ್ ಎಂಬ ಯಂತ್ರ ಇದೆ. ಅದರಲ್ಲಿ 500 ಗ್ರಾಂ ತೂಕದ ಐದು ಸುತ್ತಿಗೆಗಳು 40 ಮಿಲಿಮೀಟರ್ ಎತ್ತರದಿಂದ ಸೆಕೆಂಡಿಗೆ 10 ಏಟು ಬೀಳುವಂತೆ ನೆಲ ಬಡಿಯುತ್ತವೆ. ಕೆಳಗಿನ ಕೋಣೆಯಲ್ಲಿ ಅಳತೆ ಆಗುತ್ತದೆ. ಕಾರ್ಪೆಟ್ ಹಾಸುವ ಮುಂಚೆಯೇ ಈ ಪರೀಕ್ಷೆ ಮಾಡಬೇಕು. ನಾಳೆ ಮನೆಯವರು ಕಾರ್ಪೆಟ್ ಕಿತ್ತು ಹಾಕಬಹುದು, ಅಲ್ವಾ?

ಇನ್ನು ಅನುರಣನದ ತಿದ್ದುಪಡಿ. ಖಾಲಿ ಕೋಣೆಯಲ್ಲಿ ಚಪ್ಪಾಳೆ ತಟ್ಟಿದರೆ ಸದ್ದು ಗುಂಯ್ ಅಂತ ಉಳಿಯುತ್ತದೆ. ಹಾಗೆ ಉಳಿಯುವ ಶಬ್ದ ಅಳತೆಯನ್ನು ಏರಿಸುತ್ತದೆ, ಅದು ಗೋಡೆಯ ತಪ್ಪಲ್ಲ. ಸಾಮಾನು ತುಂಬಿದ ಕೋಣೆಯಲ್ಲಿ ಅನುರಣನ ಕಾಲ ಸುಮಾರು 0.5 ಸೆಕೆಂಡ್ ಎಂದು ಹಿಡಿದು ಎಲ್ಲರನ್ನೂ ಒಂದೇ ತಕ್ಕಡಿಗೆ ತರುತ್ತಾರೆ. ಒಂದು ಪಟ್ಟಿಯ ಲೆಕ್ಕ ನೋಡಿ. ಶಬ್ದ ಬಿಟ್ಟ ಕೋಣೆಯಲ್ಲಿ 100 ಡೆಸಿಬಲ್, ಪಕ್ಕದ ಕೋಣೆಯಲ್ಲಿ 52. ವ್ಯತ್ಯಾಸ 48. ಪಕ್ಕದ ಕೋಣೆಯ ಅನುರಣನ ಕಾಲ 1.0 ಸೆಕೆಂಡ್. 1.0 ಭಾಗ 0.5 ಅಂದರೆ 2, ಅದರ ಲಾಗ್ ಅನ್ನು 10ರಿಂದ ಗುಣಿಸಿದರೆ ಸುಮಾರು 3. ಹಾಗಾಗಿ 48 ಕೂಡು 3, ಒಟ್ಟು 51. ಬಡಿತದ ಲೆಕ್ಕದಲ್ಲಿ ಇದೇ 3 ಅನ್ನು ಕಳೆಯಬೇಕು. ಅಲ್ಲಿ ಕೂಡಿಸಿಬಿಟ್ಟರೆ ಉತ್ತರ ಪೂರ್ತಿ ತಪ್ಪು.

ಹೀಗೆ ಬಂದ 16 ಅಂಕಿಗಳನ್ನು ಒಂದು ಪ್ರಮಾಣಿತ ರೇಖೆಯ ಜೊತೆ ಹೋಲಿಸಿ ಒಂದೇ ಅಂಕಿಗೆ ಇಳಿಸುತ್ತಾರೆ. ಗೋಡೆಯ ಅಳತೆ ರೇಖೆಗಿಂತ ಕೆಳಗೆ ಬಿದ್ದ ಕೊರತೆಗಳ ಮೊತ್ತ 32 ಡೆಸಿಬಲ್ ದಾಟದಂತೆ ರೇಖೆಯನ್ನು ಎಷ್ಟು ಮೇಲಕ್ಕೆ ಸರಿಸಬಹುದೋ ಅಷ್ಟು ಸರಿಸಬೇಕು. ಆಗ 500 ಹರ್ಟ್ಜ್‌ನಲ್ಲಿ ರೇಖೆಯ ಬೆಲೆ ಏನಿದೆಯೋ ಅದೇ ಉತ್ತರ.

ಇದಕ್ಕೆ ಸಿಟಿಆರ್ ಎಂಬ ಇನ್ನೊಂದು ಅಂಕಿ ಸೇರುತ್ತದೆ. ಸಾಮಾನ್ಯವಾಗಿ ಇದು ಋಣ ಸಂಖ್ಯೆ. ನನ್ನ ಪ್ರಕಾರ ಇಡೀ ಪಾಠದ ಜೀವ ಇಲ್ಲೇ ಇದೆ. ಪಕ್ಕದ ಮನೆಯ ಮಾತು ಕೇಳದೇ ಇರಬಹುದು, ಆದರೆ ಸ್ಪೀಕರ್‌ನ ಧಿಂ ಧಿಂ ಸದ್ದು ಗೋಡೆ ದಾಟಿ ಬಂದು ನಿದ್ದೆ ಕೆಡಿಸುತ್ತದೆ. ಸಿಟಿಆರ್ ಆ ತಗ್ಗು ಸ್ವರಗಳಿಗೆ ಜಾಸ್ತಿ ಬೆಲೆ ಕೊಡುತ್ತದೆ. ಎರಡು ಹೊಸ ಗೋಡೆಗಳಿಗೂ 53 ಬಂದಿದೆ ಅಂದುಕೊಳ್ಳಿ. ಒಂದರ ಸಿಟಿಆರ್ ಋಣ 5, ಉತ್ತರ 48, ಪಾಸ್. ಇನ್ನೊಂದರದು ಋಣ 10, ಉತ್ತರ 43, ಫೇಲ್. ಸ್ಕಾಟ್ಲೆಂಡ್‌ನಲ್ಲಿ ಹೊಸ ಮನೆಗೆ 56 ಬೇಕು ಎಂದು ಓದಿ ಗಾಬರಿ ಬೀಳಬೇಡಿ. ಅಲ್ಲಿಯ ಅಂಕಿಯಲ್ಲಿ ಸಿಟಿಆರ್ ಸೇರಿಲ್ಲ, ಸುಮ್ನೆ 45ರ ಪಕ್ಕದಲ್ಲಿ ಇಟ್ಟು ನೋಡುವ ಹಾಗಿಲ್ಲ.

ಎಷ್ಟು ಮನೆ ಅಳೆಯಬೇಕು

ಒಂದೇ ರೀತಿ ಕಟ್ಟಿದ ಮನೆಗಳ ಗುಂಪಿನಲ್ಲಿ ಪ್ರತಿ 10ಕ್ಕೆ ಕನಿಷ್ಠ ಒಂದು ಸೆಟ್ ಪರೀಕ್ಷೆ. ಗೋಡೆ, ನೆಲ ಎರಡೂ ಇರುವ ಫ್ಲ್ಯಾಟ್‌ಗಳಲ್ಲಿ ಒಂದು ಸೆಟ್ ಅಂದರೆ 6 ಪರೀಕ್ಷೆ: ಗೋಡೆಗೆ ಎರಡು, ನೆಲಕ್ಕೆ ಗಾಳಿ ಶಬ್ದದ್ದು ಎರಡು, ಬಡಿತದ್ದು ಎರಡು. ಗುಂಪಿನಲ್ಲಿ ಮೊದಲು ಮುಗಿಯುವ ಮನೆಗಳಲ್ಲೇ ಶುರು ಮಾಡಬೇಕು. ತಪ್ಪಿದ್ದರೆ ಉಳಿದವುಗಳಲ್ಲಿ ತಿದ್ದಿಕೊಳ್ಳಲು ಆಗ ಸಮಯ ಇರುತ್ತದೆ.

ಫೇಲ್ ಆದಾಗ

ಗೋಡೆ ಪರೀಕ್ಷೆ ಎಂದು ಕರೆದರೂ ನಿಜವಾಗಿ ಅಳೆಯುವುದು ಎರಡು ಕೋಣೆಗಳ ನಡುವೆ ಶಬ್ದಕ್ಕೆ ಇರುವ ಎಲ್ಲಾ ದಾರಿಗಳನ್ನು. ಲ್ಯಾಬ್‌ನಲ್ಲಿ ಚೆನ್ನಾಗಿ ಬಂದ ಗೋಡೆ ಕಟ್ಟಡದಲ್ಲಿ ಸೋಲುವುದು ಇದಕ್ಕೇ. ಶಬ್ದ ಗೋಡೆಯನ್ನು ಬಿಟ್ಟು ಹೊರಗೋಡೆ, ಚಾವಣಿ, ನೆಲದ ಅಂಚುಗಳ ಮೂಲಕ ಸುತ್ತಿ ಬರುತ್ತದೆ. ಜೋಡಿ ಗೋಡೆಯ ನಡುವಿನ ಟೊಳ್ಳಿಗೆ ಗಾರೆ ಬಿದ್ದು ಎರಡನ್ನೂ ಬೆಸೆದಿರಬಹುದು. ಸ್ವಿಚ್ ಡಬ್ಬಿಗಳನ್ನು ಬೆನ್ನಿಗೆ ಬೆನ್ನು ಕೂರಿಸಿರಬಹುದು. ಮೆತ್ತನೆ ಪದರದ ಮೇಲೆ ತೇಲುವ ಹಾಗೆ ಮಾಡಿದ ನೆಲಕ್ಕೆ ಯಾರೋ ಉದ್ದ ಮೊಳೆ ಹೊಡೆದಿರಬಹುದು. ಆ ಒಂದು ಮೊಳೆ ಸೇತುವೆಯಾಗಿ ಹೆಜ್ಜೆಯ ಸದ್ದನ್ನು ಕೆಳಗೆ ಇಳಿಸುತ್ತದೆ. ಪರೀಕ್ಷೆಯಲ್ಲಿ ಸೋತ ಕೋಣೆಯನ್ನಷ್ಟೇ ತಿದ್ದಿದರೆ ಸಾಲದು. ಅದೇ ರೀತಿ ಕಟ್ಟಿದ, ಅಳೆಯದೇ ಉಳಿದ ಮನೆಗಳನ್ನೂ ನೋಡಬೇಕು. ಮುಂದೆ ಜಾಸ್ತಿ ಪರೀಕ್ಷೆಗಳನ್ನೂ ಮಾಡಬೇಕಾಗುತ್ತದೆ.

ಹೊಸ ಮನೆ ಕಟ್ಟುವವರಿಗೆ 2004ರಿಂದ ಇನ್ನೊಂದು ದಾರಿ ಇದೆ, ರೋಬಸ್ಟ್ ಡೀಟೇಲ್ಸ್. ಮೊದಲೇ ಪರೀಕ್ಷಿಸಿ ಒಪ್ಪಿದ ವಿನ್ಯಾಸವನ್ನು ಕೆಲಸ ಶುರುವಾಗುವ ಮುಂಚೆ ನೋಂದಾಯಿಸಿ, ಅದರಂತೆಯೇ ಕಟ್ಟಿದರೆ ಕೊನೆಯ ಪರೀಕ್ಷೆ ಬೇಕಿಲ್ಲ. ಮಾರ್ಪಡಿಸಿದ ಮನೆಗಳಿಗೆ ಇದು ಸಿಗುವುದಿಲ್ಲ. ಹಳೆಯ ಗೋಡೆಯ ಒಳಗೆ ಏನಿದೆ ಎಂದು ನಕ್ಷೆ ಹೇಳುವುದಿಲ್ಲ, ಅಳೆದೇ ತಿಳಿಯಬೇಕು. ಐತಿಹಾಸಿಕ ಕಟ್ಟಡವಾಗಿದ್ದು ಅದರ ಸ್ವರೂಪ ಕೆಡಿಸದೆ 43 ಮುಟ್ಟಲು ಆಗದಿದ್ದರೆ, ಸಾಧ್ಯವಾದಷ್ಟು ಸುಧಾರಿಸಿ, ಬಂದ ಅಂಕಿಗಳನ್ನು ಕಟ್ಟಡದ ಒಳಗೆ ಎಲ್ಲರಿಗೂ ಕಾಣುವ ಜಾಗದಲ್ಲಿ ಬರೆದು ಹಾಕಬೇಕು.