ಹಳೆಯ ಹಾಯಿದೋಣಿ ಮತ್ತು ಹೊರಗಡಲು

ದಡ ಕಾಣದ ಕಡಲಿಗೆ ಇಳಿಯುವ ಹಾಯಿದೋಣಿ ದೊಡ್ಡದೂ ಹೊಸದೂ ಆಗಿರಲೇಬೇಕೆಂಬ ನಂಬಿಕೆ ಬಲವಾಗಿದೆ. ಆದರೆ ಬ್ರಿಟಿಷ್ ನಾವಿಕ ರಾಬಿನ್ ನಾಕ್ಸ್-ಜಾನ್‌ಸ್ಟನ್ 1968–69ರಲ್ಲಿ ಎಲ್ಲಿಯೂ ನಿಲ್ಲದೆ, ಒಬ್ಬರೇ, 312 ದಿನಗಳಲ್ಲಿ ಭೂಮಿಯನ್ನು ಸುತ್ತಿ ಬಂದದ್ದು ಕೇವಲ 32 ಅಡಿ ಉದ್ದದ ‘ಸುಹೈಲಿ’ಯಲ್ಲಿ. 1979ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನಿಂದ ಐರ್ಲೆಂಡಿನ ಬಳಿಯ ಬಂಡೆಯೊಂದನ್ನು ಸುತ್ತಿಬರುವ ಫಾಸ್ಟ್‌ನೆಟ್ ಹಾಯಿದೋಣಿ ಸ್ಪರ್ಧೆಗೆ ಹೊರಟ 303 ದೋಣಿಗಳು ಬಿರುಗಾಳಿಗೆ ಸಿಕ್ಕಿ 15 ಸ್ಪರ್ಧಿಗಳು ಪ್ರಾಣ ಕಳೆದುಕೊಂಡಾಗ, ಅತಿ ಚಿಕ್ಕ ದೋಣಿಗಳ ವರ್ಗದಲ್ಲಿ ಗುರಿ ಮುಟ್ಟಿದ್ದು ಒಂದೇ ಒಂದು: ಕಾಂಟೆಸ್ಸಾ 32 ಮಾದರಿಯ ‘ಅಸೆಂಟ್’.

ಈ ದೋಣಿಯ ಒಡಲು ಕಿರಿದು, ಬುಡದಲ್ಲಿ ಭಾರ ಹೆಚ್ಚು. ಅಗಲವಾದ ದೋಣಿ ಮೊದಮೊದಲು ವಾಲದೆ ನಿಂತು ಭರವಸೆ ಹುಟ್ಟಿಸುತ್ತದೆಯಾದರೂ, ಒಮ್ಮೆ ಪೂರ್ತಿ ಮಗುಚಿದರೆ ಹಲಗೆಯ ಹಾಗೆ ತಲೆಕೆಳಗಾಗಿಯೇ ತೇಲುತ್ತಿರಬಹುದು. ಕಿರಿದಾದ ದೋಣಿ ಬೇಗ ವಾಲುತ್ತದೆ. ಆದರೆ ಹಾಯಿ ಕಟ್ಟುವ ಕಂಬವಾದ ಕೂವೆಮರ ನೀರಿಗೆ ತಾಗಿದ ಮೇಲೂ ಬುಡದ ಭಾರ ಅದನ್ನು ಎಳೆದು ನಿಲ್ಲಿಸುತ್ತದೆ. ಹಾಗೆಂದು ಗಾತ್ರ ಲೆಕ್ಕಕ್ಕೇ ಇಲ್ಲವೆಂದಲ್ಲ. ದೋಣಿಯನ್ನು ಮಗುಚುವುದು ಗಾಳಿಗಿಂತ ಹೆಚ್ಚಾಗಿ ಮುರಿದು ಬೀಳುವ ಅಲೆ; ದೋಣಿಯ ಉದ್ದದ ಅರ್ಧಕ್ಕಿಂತ ತುಸು ಎತ್ತರದ ಅಂಥ ಅಲೆ ಅಡ್ಡಲಾಗಿ ಬಡಿದರೆ ಬಹುತೇಕ ಯಾವ ದೋಣಿಯೂ ಉರುಳಬಹುದೆಂದು ತೊಟ್ಟಿಯಲ್ಲಿ ಮಾದರಿಗಳನ್ನಿಟ್ಟು ನಡೆಸಿದ ಪರೀಕ್ಷೆಗಳು ತೋರಿಸಿವೆ. ಎಂಟು ಮೀಟರ್ ಉದ್ದದ ದೋಣಿಗೆ ನಾಲ್ಕೂವರೆ ಮೀಟರ್ ಅಲೆ ಸಾಕು.

ಇನ್ನು ವಯಸ್ಸಿನ ಪ್ರಶ್ನೆ. ಮೊದಲ ಕಾಲದ ಫೈಬರ್‌ಗ್ಲಾಸ್ ಒಡಲುಗಳನ್ನು ದಪ್ಪವಾಗಿಯೇ ಕಟ್ಟುತ್ತಿದ್ದರು, ಅವುಗಳ ಮೇಲೇಳುವ ಬೊಬ್ಬೆಗಳಿಂದ ದೋಣಿ ಮುಳುಗುವುದು ತೀರ ಅಪರೂಪ. ನನಗೆ ಭಯ ಹುಟ್ಟಿಸುವುದು ಕಣ್ಣಿಗೆ ಬೀಳದ ಲೋಹ. ಕೂವೆಮರವನ್ನು ಹಿಡಿದು ನಿಲ್ಲಿಸುವ ತಂತಿಗಳು ಸ್ಟೀಲಿನ ಪಟ್ಟಿಗಳಿಗೆ ಕೊನೆಗೊಳ್ಳುತ್ತವೆ. ಆ ಪಟ್ಟಿಗಳು ಎಷ್ಟೋ ದೋಣಿಗಳಲ್ಲಿ ಡೆಕ್ಕನ್ನು ತೂರಿ ಒಳಗಿಳಿದು ಒಡಲಿಗೆ ಬಿಗಿಯಾಗಿರುತ್ತವೆ. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದಂತೆ ಕಾಯುವುದು ಅದರ ಮೈಮೇಲಿನ ಕ್ರೋಮಿಯಂ ಆಕ್ಸೈಡಿನ ಅತಿ ತೆಳುವಾದ ಪೊರೆ. ಗೀರು ಬಿದ್ದರೂ ಗಾಳಿಯ ಆಮ್ಲಜನಕದಿಂದ ಆ ಪೊರೆ ಮತ್ತೆ ಕೂಡಿಕೊಳ್ಳುತ್ತದೆ. ಆದರೆ ಡೆಕ್ಕಿನ ಸಂದಿಯಲ್ಲಿ ಉಪ್ಪುನೀರು ವರ್ಷಗಟ್ಟಲೆ ನಿಂತಲ್ಲಿ ಆಮ್ಲಜನಕ ಮುಗಿದುಹೋಗಿ, ಪೊರೆ ಸೋತು, ಲೋಹ ಒಳಗೊಳಗೇ ಸವೆಯುತ್ತದೆ. ಮೇಲೆ ಮತ್ತು ಕೆಳಗೆ ಅದೇ ಪಟ್ಟಿ ಕನ್ನಡಿಯಂತೆ ಹೊಳೆಯುತ್ತಿರುತ್ತದೆ!

ಆ ಪಟ್ಟಿ ತುಂಡಾದರೆ ಕೂವೆಮರ ಉರುಳುತ್ತದೆ, ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ಎತ್ತರದಲ್ಲಿದ್ದ ಅದರ ತೂಕವೇ ದೋಣಿ ಥಟ್ಟನೆ ಉರುಳದಂತೆ ತಡೆಯುತ್ತಿತ್ತು. ಅದಿಲ್ಲದ ದೋಣಿಯನ್ನು ಮುಂದಿನ ಅಲೆ ಇನ್ನಷ್ಟು ಸುಲಭವಾಗಿ ಮಗುಚಬಲ್ಲದು.

ನೀರನ್ನು ಒಳಗೆಳೆಯಲು, ಹೊರಬಿಡಲು ಒಡಲಿನಲ್ಲಿ ಕೊರೆದ ತೂತುಗಳಿಗೆ ಕೂಡಿಸಿದ ಹಿತ್ತಾಳೆಯ ಕವಾಟಗಳದೂ ಇದೇ ಕತೆ. ಸತು ಕರಗಿಹೋದ ಹಿತ್ತಾಳೆಯನ್ನು ಕೆರೆದರೆ ಹಳದಿಯ ಬದಲು ನಸುಗೆಂಪು ಬಣ್ಣ ಕಾಣಿಸುತ್ತದೆ. ನೀರಿನ ಮಟ್ಟಕ್ಕಿಂತ 60 ಸೆಂಟಿಮೀಟರ್ ಕೆಳಗೆ 38 ಮಿಲಿಮೀಟರ್ ಅಗಲದ ಒಂದು ಕವಾಟ ಮುರಿದರೆ ನಿಮಿಷಕ್ಕೆ ನೂರಕ್ಕೂ ಹೆಚ್ಚು ಲೀಟರ್ ನೀರು ಒಳನುಗ್ಗುತ್ತದೆ.

ಆದ್ದರಿಂದ ಹೊರಗಡಲಿಗೆ ಹೊರಡುವ ಮುನ್ನ ಆ ಪಟ್ಟಿಗಳನ್ನು ಒಂದೊಂದಾಗಿ ಕಳಚಿ, ಡೆಕ್ಕಿನೊಳಗೆ ಅಡಗಿದ್ದ ಭಾಗವನ್ನು ಚೊಕ್ಕಟಗೊಳಿಸಿ, ಬಿರುಕು ತೋರಿಸುವ ಬಣ್ಣ ಹಚ್ಚಿ ಭೂತಗನ್ನಡಿಯಲ್ಲಿ ನೋಡಬೇಕು. ಬೋಲ್ಟಿನ ತೂತಿನ ಅಂಚಿನಿಂದ ಹೊರಟ ಕೂದಲೆಳೆಯಷ್ಟು ಸಣ್ಣ ಕೆಂಪು ಗೆರೆ ಕಂಡರೂ ಆ ಪಟ್ಟಿ ಮತ್ತೆ ದೋಣಿಗೆ ಏರಬಾರದು.