ಪೌಲನ ಪತ್ರಗಳಲ್ಲಿ ಮನುಷ್ಯನಾದ ಯೇಸು ಇಲ್ಲವೇ?

ಪ್ರಶ್ನೆ: ಅತ್ಯಂತ ಹಳೆಯ ಕ್ರೈಸ್ತ ಬರಹಗಳಾದ, ಆದಿಯ ಕ್ರೈಸ್ತ ಪ್ರಚಾರಕ ಪೌಲನ ಪತ್ರಗಳಲ್ಲಿ ಈ ನೆಲದ ಮೇಲೆ ನಡೆದಾಡಿದ ಯೇಸುವಿನ ಸುದ್ದಿಯೇ ಇಲ್ಲವಂತೆ, ನಿಜವೇ?

ಕೊನೆಯ ಆ ‘ಅಂತೆ’ಯಲ್ಲೇ ಈ ಪ್ರಶ್ನೆಯ ಹುಟ್ಟು ಅಡಗಿದೆ: ಹಾಗೆಂದು ಕೇಳಿದವರು ಬಹಳ, ಪತ್ರಗಳನ್ನು ಬಿಡಿಸಿ ಓದಿದವರು ವಿರಳ.

ಅವು ಹಳೆಯವೆಂಬುದು ಸರಿ. ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಯೇಸುವಿನ ಜೀವನವನ್ನು ಹೇಳುವ ಸುವಾರ್ತೆಗಳು ಮೊದಲಿಗೆ ಬರುತ್ತವಾದರೂ, ಪೌಲನವೇ ಎಂದು ಬಹುತೇಕ ವಿದ್ವಾಂಸರು ಒಪ್ಪುವ ಏಳು ಪತ್ರಗಳು ಸುಮಾರು ಕ್ರಿ.ಶ. 50ರಿಂದ 60ರ ನಡುವಿನವು. ಮಾರ್ಕನ ಸುವಾರ್ತೆ 70ರ ಆಸುಪಾಸಿನದು. ಪತ್ರಗಳಲ್ಲಿ ಯೇಸು ಓಡಾಡಿದ ಗಲಿಲಾಯ ಸೀಮೆಯಿಲ್ಲ, ಆತ ಹೇಳಿದ ಸಾಮ್ಯಗಳೆಂಬ ದೃಷ್ಟಾಂತ ಕಥೆಗಳಿಲ್ಲ, ಯೇಸು ಮಾಡಿದ ಅದ್ಭುತಗಳ ಕಥೆಯಿಲ್ಲ ಎಂಬುದೂ ಸರಿ. ಆದರೆ ಇವು ದೂರದ ಕ್ರೈಸ್ತ ಸಭೆಗಳಲ್ಲಿ ಎದ್ದ ಜಗಳಗಳನ್ನು ಬಿಡಿಸಲು ಬರೆದ ಕಾಗದಗಳು. ಜೀವನಚರಿತ್ರೆಯನ್ನು ಇವುಗಳಲ್ಲಿ ಹುಡುಕುವುದೇ ತಪ್ಪು. ಅಷ್ಟಾದರೂ ಯೇಸು ಸ್ತ್ರೀಯಲ್ಲಿ ಹುಟ್ಟಿದವನು, ದಾವೀದನ ವಂಶದವನು, ವಿವಾಹ ವಿಚ್ಛೇದನ ಕೂಡದೆಂದವನು, ತನ್ನನ್ನು ಒಪ್ಪಿಸಿಕೊಟ್ಟ ರಾತ್ರಿ ರೊಟ್ಟಿಯನ್ನು ಮುರಿದವನು, ಶಿಲುಬೆಯ ಮೇಲೆ ಸತ್ತವನು ಎಂಬ ಮಾತುಗಳು ಅಲ್ಲಲ್ಲಿ ಬಂದೇ ಬರುತ್ತವೆ.

ಇನ್ನು ಗಲಾತ್ಯದವರಿಗೆ ಬರೆದ ಪತ್ರದ ಮೊದಲನೆಯ ಅಧ್ಯಾಯವನ್ನು ನೋಡಿ. ತನ್ನ ಬೋಧನೆ ಯಾವ ಮನುಷ್ಯನಿಂದಲೂ ಕಲಿತದ್ದಲ್ಲವೆಂದು ಸಾಧಿಸಲು ಹೊರಟ ಪೌಲ, ತಾನು ಕ್ರಿಸ್ತನನ್ನು ನಂಬಿದ ಮೂರು ವರ್ಷಗಳ ಬಳಿಕ ಯೆರೂಸಲೇಮಿಗೆ ಹೋಗಿ ಕೇಫನ, ಎಂದರೆ ಯೇಸುವಿನ ಶಿಷ್ಯ ಪೇತ್ರನ, ಬಳಿ 15 ದಿನ ಇದ್ದುದನ್ನೂ ಕರ್ತನ, ಎಂದರೆ ಯೇಸುವಿನ, ಸಹೋದರನಾದ ಯಾಕೋಬನನ್ನು ಕಂಡುದನ್ನೂ ಒಪ್ಪಿಕೊಳ್ಳುತ್ತಾನೆ. ಬೇರೆ ಅಪೊಸ್ತಲರನ್ನು, ಎಂದರೆ ಸುವಾರ್ತೆ ಸಾರಲು ನೇಮಕಗೊಂಡ ಪ್ರಮುಖರನ್ನು, ಕಾಣಲಿಲ್ಲವೆಂದು ಹೇಳಿ, ತಾನು ಬರೆಯುವುದು ಸುಳ್ಳಲ್ಲವೆಂದು ದೇವರ ಮುಂದೆ ಆಣೆಯಿಡುತ್ತಾನೆ. ತನ್ನ ವಾದಕ್ಕೆ ತೊಡಕಾಗುವ ಭೇಟಿಯನ್ನು ಯಾರೂ ಕಲ್ಪಿಸಿಕೊಂಡು ಬರೆಯುವುದಿಲ್ಲ. ‘ಸಹೋದರ’ ಎಂದರೆ ವಿಶ್ವಾಸದಲ್ಲಿ ಸಹೋದರ ಅಷ್ಟೇ ಎಂಬ ಸಮಜಾಯಿಷಿಯನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಪೌಲ ಹೆಂಡತಿಯನ್ನು ಜೊತೆಗೆ ಕರೆದುಕೊಂಡು ತಿರುಗುವವರನ್ನು ಹೆಸರಿಸುವಾಗ ಉಳಿದ ಅಪೊಸ್ತಲರು, ಕರ್ತನ ಸಹೋದರರು, ಕೇಫ ಎಂದು ಮೂರು ಬಗೆಯಾಗಿ ಎಣಿಸುತ್ತಾನೆ. ಎಲ್ಲ ವಿಶ್ವಾಸಿಗಳೂ ಕರ್ತನ ಸಹೋದರರಾದರೆ ಕೇಫನೊಬ್ಬ ಯಾಕೆ ಹೊರಗುಳಿದ? ಮೂಲಪುರುಷನ ಸಹೋದರನನ್ನೇ ಕಂಡು ಬಂದವನಿಗೆ ಆ ಮನುಷ್ಯನೇ ಗೊತ್ತಿರಲಿಲ್ಲವೆನ್ನಲು ಸಾಕಷ್ಟು ಧೈರ್ಯ ಬೇಕು.

ಇಷ್ಟು ಹೇಳಿದ ಮೇಲೆ, ಯಾರೂ ಕೇಳದ ಇನ್ನೊಂದು ಪ್ರಶ್ನೆ ಕನ್ನಡ ಬಲ್ಲವರನ್ನು ಕಾಡಬೇಕು: ಯಾಕೋಬ ಅಣ್ಣನೋ, ತಮ್ಮನೋ? ಗ್ರೀಕಿನ ‘ಅದೆಲ್ಫೋಸ್’ಗೆ ಹಿರಿಕಿರಿಯರ ಭೇದವಿಲ್ಲ, ಮನೆಮಾತಿನ ಕನ್ನಡಕ್ಕೆ ಆ ಭೇದವಿಲ್ಲದೆ ಬಾಯಿ ಹೊರಳದು. ಯೇಸುವಿನ ತಾಯಿ ಮರಿಯಳಿಗೆ ಆತನ ನಂತರ ಹುಟ್ಟಿದ ಮಗನೆಂದು ಬಹುತೇಕ ಪ್ರಾಟೆಸ್ಟೆಂಟರು ತಿಳಿದರೆ ಆತ ತಮ್ಮ. ಮರಿಯಳ ಗಂಡ ಯೋಸೇಫನ ಮೊದಲ ಹೆಂಡತಿಯ ಮಗನೆಂಬ ಪೂರ್ವದ ಸಭೆಗಳ ಸಂಪ್ರದಾಯದಂತೆ ಅಣ್ಣ. ಪ್ರಾಚೀನ ಬೈಬಲ್ ವಿದ್ವಾಂಸ ಜೆರೋಮನ ಹಾದಿ ಹಿಡಿದ ಕಥೋಲಿಕರ ಪ್ರಕಾರ ಒಡಹುಟ್ಟಿದವನೇ ಅಲ್ಲ, ಹತ್ತಿರದ ದಾಯಾದಿ ಅಥವಾ ನೆಂಟ. ಗ್ರೀಕಿನಲ್ಲಿ ಅಂಥ ನೆಂಟನಿಗೆ ‘ಅನೆಪ್ಸಿಯೋಸ್’ ಎಂಬ ಬೇರೆ ಪದವೇ ಇರುವುದರಿಂದ ಈ ಕೊನೆಯ ವಾದ ನನಗೆ ಒಗ್ಗುವುದಿಲ್ಲ. ಚಿಕ್ಕಪ್ಪನ ಮಗನನ್ನೂ ತಮ್ಮನೆನ್ನುವ ನಮ್ಮವರಿಗೆ ಅದು ಸಹಜವೆನಿಸಿದರೆ ಅಚ್ಚರಿಯಿಲ್ಲ. ಯಾಕೋಬನು 62ರ ಸುಮಾರಿಗೆ ಯೆರೂಸಲೇಮಿನಲ್ಲಿ ಕಲ್ಲೆಸೆತಕ್ಕೆ ಗುರಿಯಾದುದನ್ನು ದಾಖಲಿಸಿದ ಯೆಹೂದಿ ಇತಿಹಾಸಕಾರ ಜೋಸೆಫಸ್ ಕೂಡ, ಕ್ರೈಸ್ತನಲ್ಲದಿದ್ದರೂ, ಆತನನ್ನು ಕ್ರಿಸ್ತನೆನಿಸಿಕೊಂಡ ಯೇಸುವಿನ ‘ಅದೆಲ್ಫೋಸ್’ ಎಂದೇ ಗುರುತಿಸಿದ್ದಾನೆ.